ಹೊಳೆಯ ತಮ್ಮನಾಗಿ ಹೋದದ್ದು

ಆ ಕಾಲದಲ್ಲಿ ನಮ್ಮೂರಿನ ಹೆಂಗಸರಿಗೆ ನಾಲೆ ಆಫೀಸಿನವರೆಲ್ಲರೂ ಬೀಗರು. ನೀರು ಹಂಚುವ ನೀರಗಂಟಿ ಸೈಕಲ್ ತಳ್ಳಿಕೊಂಡು ಏರಿಯ ಮೇಲೆ ಬಂದರೆ ಸಾಕು, ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರು ಸೆರಗು ಸರಿಮಾಡಿಕೊಂಡು, "ಬೀಗ್ರು ಬಂದ್ರು ಕಣ್ರಮ್ಮಿ, ಯಾರಾದ್ರೂ ಕಾಲ್ಗೆ ನೀರ್ ಕೊಡ್ರೇ" ಎಂದು ನಗುತ್ತಿದ್ದರು. ಅವನೂ ಪಳಗಿದವನು. "ನೀರು ನನ್ ತಾವೇ ಐತೆ, ಎಲಡಿಕೆ ಇದ್ರೆ ಕೊಡ್ರವ್ವ" ಎನ್ನುತ್ತಿದ್ದ.

ಹೊರಗಿನವರಿಗೆ ಇದು ತಮಾಷೆ. ನಮಗೆ ಅದು ನಂಟಸ್ತನ, ಅದೂ ಹಾಡಿನಲ್ಲಿ ಕೂಡಿ ಬಂದದ್ದು. ನಮ್ಮೂರು ಚನ್ನಪಟ್ಟಣದ ಕಡೆಯದು, ಕಣ್ವ ಕಟ್ಟೆಯ ನಾಲೆಗೆ ಕೊನೆಯ ಊರು. ನಮ್ಮ ತೂಬು ದಾಟಿದರೆ ನಾಲೆಯೇ ಇಲ್ಲ, ಬರೀ ಹೊಂಗೆ ಮರ ಮತ್ತು ಬಂಡೆ. ಕಟ್ಟೆ ಕಟ್ಟುವ ಕಾಲಕ್ಕೆ ನಮ್ಮಜ್ಜಿ ಕೆಂಪಮ್ಮ ಈ ಊರಿಗೆ ಹೊಸ ಸೊಸೆ. ಮಂಕರಿಯಲ್ಲಿ ಮಣ್ಣು ಹೊತ್ತವಳು. ಹಾಸಿದ ಮಣ್ಣನ್ನು ಧಮ್ಮಸ್ಸಿನಿಂದ ಬಡಿಯುವಾಗ ಅವಳು ಹೇಳಿಕೊಡುತ್ತಿದ್ದಳಂತೆ, ಉಳಿದವರು ಸೊಲ್ಲು ಹಿಡಿಯುತ್ತಿದ್ದರಂತೆ:

ಎತ್ತಮ್ಮ ಧಮ್ಮಸ್ಸ ಇಕ್ಕಮ್ಮ ಧಮ್ಮಸ್ಸ
ಸೊಂಟ ನೊಂದೀತಂತ ನಿಂತೀಯ — ನನ್ನಕ್ಕ
ನೀ ನಿಂತ ತಾವೇ ನೀರು ನುಗ್ಗೀತು

ಒಂದು ಪದರ ಮಣ್ಣಿಗೆ ಈ ಪದ ಇಡಿಯಾಗಿ ಮೂರು ಸಲ. ಮೇಸ್ತ್ರಿ ಬಂದು, "ಸಾಕಾ?" ಎಂದು ಕೇಳಿದರೆ ಅಜ್ಜಿ, "ಇನ್ನೊಂದು ಪದ ಐತೆ" ಎನ್ನುತ್ತಿದ್ದಳಂತೆ. ಏರಿ ಗಟ್ಟಿಯಾದದ್ದು ಹಾಡಿನ ಲೆಕ್ಕದಲ್ಲಿ ಎಂದು ಅವಳು ಕೊನೆಯವರೆಗೂ ನಂಬಿದ್ದಳು. "ಆ ಏರೀಲಿ ಒಂದ್ ಮೊಣಕಾಲುದ್ದ ನಂದು" ಎನ್ನುವುದು ಅವಳ ಮಾಮೂಲಿ ಮಾತು. ಯಾವ ಮೊಣಕಾಲುದ್ದ ಎಂದು ನಾನು ಕೇಳಿದ್ದೆ. ತೋರಿಸಿದ್ದಳು ಕೂಡ. ಪ್ರತಿ ಸಲ ಬೇರೆ ಜಾಗ.

ಕಟ್ಟೆ ತುಂಬಿದ ವರ್ಷ ಹೆಂಗಸರೆಲ್ಲ ಸೇರಿ ಒಂದು ಮದುವೆ ಮಾಡಿಬಿಟ್ಟರು. ಕಣ್ವ ಹೊಳೆ ನಮ್ಮ ಮಗಳು, ಕಟ್ಟೆ ಗಂಡನ ಮನೆ, ಆಫೀಸಿನವರು ಬೀಗರು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣು ಒಪ್ಪಿಸುವ ಪದಕ್ಕೆ ಒಂದು ಕಟ್ಟುಪಾಡಿತ್ತು. ಹೆಣ್ಣಿನ ಕಡೆಯವರು ಒಂದು ಸೊಲ್ಲು ಹೇಳಿ ನಿಲ್ಲಿಸಬೇಕು. ಗಂಡಿನ ಕಡೆಯವರು ಪದದಲ್ಲೇ ಮಾತು ಕೊಡಬೇಕು. ಅವರ ಸೊಲ್ಲನ್ನು ನಾವು ಹೇಳುವ ಹಾಗಿಲ್ಲ. ಹೇಳಿದರೆ ಅದು ನಮ್ಮ ಆಸೆಯಾದೀತೇ ಹೊರತು ಅವರು ಕೊಟ್ಟ ಮಾತಾಗುವುದಿಲ್ಲ. ಕಟ್ಟೆಯ ಮದುವೆಯಲ್ಲೂ ಹಾಗೇ ನಡೆಯಿತಂತೆ. ಈ ಕಡೆಯಿಂದ ಮಣ್ಣು ಹೊತ್ತ ಹೆಂಗಸರು ಹಾಡಿದರು, ಆ ಕಡೆಯಿಂದ ಆಫೀಸಿನ ಕೂಲಿಯವರು ಉತ್ತರ ಕೊಟ್ಟರು. ಆಮೇಲೆ ಎಲ್ಲರೂ ಬೆಲ್ಲದ ಪಾನಕ ಕುಡಿದರು.

ನಾನು ಹುಟ್ಟಿದ್ದು ಇದಾಗಿ ಎಷ್ಟೋ ವರ್ಷಕ್ಕೆ. ಆದರೆ ಆ ಪದಗಳೆಲ್ಲ ನನಗೆ ಬಾಯಿಪಾಠ. ಅಜ್ಜಿಯ ಪಕ್ಕದಲ್ಲೇ ನನ್ನ ಚಾಪೆ; ಎಲಡಿಕೆ, ಹರಳೆಣ್ಣೆ, ಮಗ್ಗುಲ ಕೋಣೆಯಿಂದ ರೇಷ್ಮೆ ಹುಳು ಹಿಪ್ಪುನೇರಳೆ ಸೊಪ್ಪು ಮೇಯುವ ಚರಚರ ಸದ್ದು, ಇವುಗಳ ನಡುವೆ ಅವಳ ಗೊಗ್ಗರು ದನಿ. ನನಗೆ ಬಹಳ ಇಷ್ಟವಾದದ್ದು ಕಟ್ಟೆಯ ಸೈಫನ್ನಿನ ಪದ. ಕಟ್ಟೆ ತುಂಬಿದರೆ ಯಾರೂ ಬಾಗಿಲು ತೆಗೆಯದೆಯೇ ನೀರು ಸೈಫನ್ನಿನಲ್ಲಿ ತಾನಾಗಿ ಹೊರಗೆ ಧುಮುಕುತ್ತಿತ್ತು. ಅಜ್ಜಿ ಅದನ್ನು ಹೀಗೆ ಕಟ್ಟಿದ್ದಳು:

ಕದವಿಲ್ಲ ಚಿಲಕಿಲ್ಲ ಕಾಯೋರು ಯಾರಿಲ್ಲ
ತುಂಬೀದ ಬಸುರಿ ತವರೀಗೆ — ಹೊರಟಂಗೆ
ತಾನಾಗಿ ಉಕ್ಕಿ ಹೊರಟಾಳೆ

ನಾನೀಗ ರಾಮನಗರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಸೈಫನ್ನಿನ ತತ್ವವನ್ನು ಹಲಗೆಯ ಮೇಲೆ ಬಾಣದ ಗುರುತು ಹಾಕಿ ವಿವರಿಸುತ್ತೇನೆ. ಅಜ್ಜಿಯಷ್ಟು ಚೆನ್ನಾಗಿ ಒಂದು ದಿನವೂ ವಿವರಿಸಿಲ್ಲ.

ನಾಲೆಯೇ ನಮಗೆ ಆಟದ ಬಯಲು. ಪೇಟೆಯ ಗೊಂಬೆ ಕಾರ್ಖಾನೆಗಳಲ್ಲಿ ಬಣ್ಣ ಕೆಟ್ಟ ಬುಗುರಿ, ಕಿವಿ ಮುರಿದ ಕುದುರೆ ಚೀಲಗಟ್ಟಲೆ ಹೊರಗೆ ಬೀಳುತ್ತಿದ್ದವು. ಅವನ್ನು ತಂದು ನಾಲೆಗೆ ಬಿಟ್ಟು, ಯಾರದು ಮೊದಲು ಕೊನೆಯ ತೂಬು ಮುಟ್ಟುತ್ತದೆ ಎಂದು ಏರಿಯ ಮೇಲೆ ಓಡುತ್ತಿದ್ದೆವು. ಅರಗಿನ ಬಣ್ಣ ನೀರಿಗೆ ಬಿಡುತ್ತದೆಯೇ, ಆ ನೀರು ಕುಡಿದ ಎಮ್ಮೆ ಕೆಂಪು ಹಾಲು ಕೊಡುತ್ತದೆಯೇ ಎಂದು ಒಂದು ವಾರ ನಿದ್ದೆಗೆಟ್ಟವಳು ಇಡೀ ಊರಿನಲ್ಲಿ ನಾನೊಬ್ಬಳೇ. ಚಿಂತೆ ಮಾಡುವುದು ನನಗೆ ಬೆಳೆದ ಮೇಲೆ ಬಂದ ಗುಣವಲ್ಲ.

ನನಗೆ ಒಂಬತ್ತು ತುಂಬಿದ ವರ್ಷ ಬುಗುರಿ ಬಿಡಲು ನೀರೇ ಬರಲಿಲ್ಲ. ಮಳೆ ಚೆನ್ನಾಗಿತ್ತು, ಕಟ್ಟೆ ತುಂಬಿತ್ತು, ನಾಲೆಗೆ ನೀರು ಬಿಟ್ಟು ಹದಿನೈದು ದಿನವಾಗಿತ್ತು. ಆದರೂ ನಮ್ಮ ತೂಬಿನ ಹತ್ತಿರ ನಾಲೆಯ ತಳದ ಕೆಸರು ಬಿರಿಯುತ್ತಿತ್ತು. ನೀರು ಬಂದೇ ಬರುತ್ತದೆಂದು ನಂಬಿ ಊರವರೆಲ್ಲ ಬಾವಿಯ ನೀರು ಹಾಯಿಸಿ ಭತ್ತದ ಒಟ್ಲು, ಎಂದರೆ ಸಸಿಮಡಿ, ಹಾಕಿದ್ದರು. ಸಸಿ ಎದ್ದು ನಿಂತಿತ್ತು. ಇನ್ನೊಂದು ಹತ್ತು ದಿನದಲ್ಲಿ ಕಿತ್ತು ನಾಟಿ ಮಾಡದಿದ್ದರೆ ಬಲಿತು ಗಂಟು ಕಟ್ಟುತ್ತದೆ, ಆಮೇಲೆ ಅದು ದನದ ಮೇವು. ಗಂಡಸರು ಎರಡು ಸಲ ಅರ್ಜಿ ಕೊಟ್ಟು ಬಂದರು. ಎರಡು ಸಲವೂ, "ನೋಡೋಣ ಅಂದವ್ರೆ" ಎಂದರು.

ಜಗಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿ ಕೇಳಿಸಿಕೊಂಡಳು.

"ಗೌರಿಹಬ್ಬಕ್ಕೆ ಎಷ್ಟ್ ದಿನ ಐತೆ?"

"ಎಂಟು ದಿನ" ಎಂದಳು ಅವ್ವ.

"ಹಬ್ಬಕ್ಕೆ ಮಗಳ್ನ ಕರ್ಯಾಕೆ ಯಾವನಾದ್ರೂ ಅರ್ಜಿ ತಕಂಡ್ ಹೋಯ್ತಾನೇನ್ರೋ? ಮಡ್ಲಕ್ಕಿ ತಕಂಡ್ ಹೋಗ್ಬೇಕು. ಜೊತೇಲಿ ತಮ್ಮ ಅನ್ನೋನು ಒಬ್ಬ ಇರ್ಬೇಕು."

ಹೀಗೆ ಹೊರಟಿತು. ಗೌರಿಹಬ್ಬಕ್ಕೆ ತವರಿನಿಂದ ತಮ್ಮನೋ ಅಣ್ಣನೋ ಹೋಗಿ ಹೆಣ್ಣುಮಗಳನ್ನು ಕರೆತರುವುದು ರೂಢಿ. ಹೊಳೆ ನಮ್ಮ ಮಗಳಾದ ಮೇಲೆ ಅವಳನ್ನು ಕರೆತರುವುದಕ್ಕೂ ಒಬ್ಬ ತಮ್ಮ ಬೇಕಲ್ಲ. ಚಿಕ್ಕಪ್ಪನ ಮಗ ಶಿವಲಿಂಗನನ್ನು ಹಿಡಿದರು. ಹನ್ನೆರಡು ವರ್ಷದ ಆ ಭೂಪ, "ಹೆಂಗಸರ ಜೊತೆ ಪದ ಹೇಳ್ಕಂಡು ನಾ ಬರಾಕಿಲ್ಲ" ಎಂದು ಹಿಪ್ಪುನೇರಳೆ ತೋಟ ಸೇರಿಕೊಂಡ. ಆಗ ಪಕ್ಕದ ಮನೆಯ ಹೊಂಬಾಳಮ್ಮ ನನ್ನ ಕಡೆ ನೋಡಿದಳು. ನಾನು ಕಂಬದ ಹಿಂದೆ ಸರಿದೆ. ತಡವಾಗಿತ್ತು.

"ಇವಳಿಗೆ ಎಲ್ಲಾ ಪದಾನೂ ಬತ್ತದೆ ಕಣಕ್ಕ. ದನೀನೂ ಐತೆ. ಚಡ್ಡಿ ಹಾಕ್ಸುದ್ರೆ ಹುಡ್ಗ."

"ಹೆಣ್ಣುಮಗೀಗೆ ಚಡ್ಡಿ ಹಾಕ್ಸಿ ಆಪೀಸ್ಗೆ ಕರ್ಕಂಡ್ ಹೋಯ್ತೀರಾ?" ಎಂದು ಅವ್ವ ರೇಗಿದಳು.

"ಹೋಗ್ಲಿ ಬುಡವ್ವ" ಎಂದಳು ಅಜ್ಜಿ. "ಹೊಳೇನೇ ಹೆಣ್ಣು ಅಂತ ಒಪ್ಕಂಡಿದೀವಿ. ಇವಳ್ನ ಗಂಡು ಅಂತ ಒಪ್ಕಳದು ಏನ್ ಕಷ್ಟ?"

ಅವ್ವ ಗೊಣಗುತ್ತಲೇ ಶಿವಲಿಂಗನ ಚಡ್ಡಿ ತರಲು ಎದ್ದಳು. ನನ್ನಲ್ಲಿದ್ದದ್ದು ಬರೀ ಪ್ರಶ್ನೆಗಳು. ಪೊಲೀಸರು ಹಿಡಿದರೆ ಹೆಣ್ಣುಮಕ್ಕಳ ಜೊತೆ ಕೂರಿಸುತ್ತಾರೋ, ಗಂಡಸರ ಜೊತೆಯೋ? ಶಾಲೆಯ ಹಾಜರಿ ಪುಸ್ತಕದಲ್ಲಿ ಸಾವಿತ್ರಿ ಎಂಬ ಹೆಸರು ಹೊಡೆದುಹಾಕುತ್ತಾರೋ? ಶಿವಲಿಂಗನ ಚಡ್ಡಿಗೆ ಗುಂಡಿಯಿಲ್ಲ, ಸೆಣಬಿನ ದಾರ, ಅದು ಬಿಚ್ಚಿದರೆ? ಎಲ್ಲವೂ ಸುಸೂತ್ರವಾದರೆ ಕೆಂಗಲ್ ಹನುಮಂತರಾಯನಿಗೆ ಒಂಬತ್ತು ತೆಂಗಿನಕಾಯಿ ಎಂದು ಹರಕೆ ಹೊತ್ತೆ. ಆಮೇಲೆ ಒಂಬತ್ತು ಕಾಯಿ ಎಲ್ಲಿಂದ ತರುವುದು ಎಂಬ ಚಿಂತೆ ಹತ್ತಿಕೊಂಡಿತು.

ಮಾರನೆಯ ದಿನ ಬೆಳಿಗ್ಗೆ ಹನ್ನೊಂದು ಹೆಂಗಸರು ಹೊರಟರು, ಮುಂದೆ ನಾನು. ಶಿವಲಿಂಗನ ಚಡ್ಡಿ, ತಾತನ ಬಿಳಿ ರುಮಾಲು, ಹಣೆಗೆ ನಾಮದಷ್ಟು ಉದ್ದ ಕುಂಕುಮ. ಮೊರದಲ್ಲಿ ಅಕ್ಕಿ, ಬೆಲ್ಲ, ಎಲಡಿಕೆ, ಅರಿಸಿನದ ಕೊಂಬು, ಹಸಿರು ಬಳೆ, ಒಂದು ರವಿಕೆ ಕಣ. ಇನ್ನೊಂದು ಕುಕ್ಕೆಯಲ್ಲಿ ತಂಬಿಟ್ಟು. ಅದರ ಹುರಿದ ಎಳ್ಳಿನ ವಾಸನೆ ದಾರಿಯುದ್ದಕ್ಕೂ ನನ್ನ ಹಿಂದೆಯೇ ಬರುತ್ತಿತ್ತು. ಬೀಗರಿಗೆ ಎಂದು ಮಾಡಿದ್ದನ್ನು ಮುಟ್ಟುವ ಹಾಗಿರಲಿಲ್ಲ.

ಏರಿಯ ಮೇಲೇ ನಡೆದೆವು. ಅರ್ಧ ದಾರಿ ಕಳೆದ ಮೇಲೆ ಒಂದು ಊರಿನ ತೂಬಿನ ಬಳಿ ನಿಂತೆವು. ನಾಲೆಗೆ ಅಡ್ಡಲಾಗಿ ದಿಂಡುಗಲ್ಲು, ಮಣ್ಣು ತುಂಬಿದ ಗೋಣಿಚೀಲ, ಹುಲ್ಲಿನ ಕಂತೆ. ಈ ಕಡೆ ಒಣ ಕೆಸರು, ಆ ಕಡೆ ಏರಿಯ ಅಂಚು ಮುಟ್ಟುವಷ್ಟು ನೀರು. ಆ ಊರಿನ ಗದ್ದೆಗಳಲ್ಲಿ ಆಗಲೇ ನಾಟಿ ಮುಗಿದಿತ್ತು. ಬದುವಿನ ಮೇಲೆ ನಿಂತಿದ್ದವರು ನಮ್ಮನ್ನು ನೋಡಿ ಮುಖ ತಿರುಗಿಸಿದರು. ಹೊಂಬಾಳಮ್ಮ ಸೀರೆ ಎತ್ತಿಕಟ್ಟಿದಳು.

"ಕಿತ್ತಾಕುಬುಡಣ ಕಣಕ್ಕ. ಹನ್ನೊಂದ್ ಜನ ಇದೀವಿ."

"ಇವತ್ ನಾವ್ ಕಿತ್ರೆ ನಾಳೀಕ್ ಅವ್ರು ಇಡ್ತಾರೆ" ಎಂದಳು ಅಜ್ಜಿ. "ಬೀಗನ ಕೈಲೇ ಕೀಳ್ಸಣ. ನಡೀರಿ."

ಆಫೀಸು ಕಟ್ಟೆಯ ಪಕ್ಕದಲ್ಲಿ, ಹೆಂಚಿನ ಎರಡು ಕೋಣೆ. ಎದುರಿಗೆ ಕಣ್ಣು ಹಾಯುವಷ್ಟು ದೂರ ನೀರು. ಅಷ್ಟು ನೀರನ್ನು ಅಷ್ಟು ಹತ್ತಿರದಿಂದ ನಾನು ಆವರೆಗೆ ನೋಡಿರಲಿಲ್ಲ. ಅಜ್ಜಿ ಒಂದು ಗಳಿಗೆ ನಿಂತು ಏರಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ತಾನು ಸಾಕಿದ ಹಸುವನ್ನು ಬೇರೆಯವರ ಕೊಟ್ಟಿಗೆಯಲ್ಲಿ ಕಂಡವಳ ಹಾಗೆ.

ಇಂಜಿನಿಯರು ಹೊರಗೆ ಬಂದರು. ವಯಸ್ಸಿನ್ನೂ ಮೂವತ್ತಿರಲಿಲ್ಲ, ಧಾರವಾಡದ ಕಡೆಯಿಂದ ಬಂದು ತಿಂಗಳಾಗಿತ್ತಂತೆ. "ಯಾರ್ರೀ ನೀವೆಲ್ಲ? ಅರ್ಜಿ ಇದ್ರ ಒಳಗ ಕೊಡ್ರಿ" ಎಂದರು.

ಅಜ್ಜಿ ನನ್ನ ಬೆನ್ನಿಗೆ ಮೊಣಕೈಯಿಂದ ತಿವಿದಳು. ನಾನು ಹೇಳಬೇಕಾಗಿದ್ದದ್ದು ಕರೆಯುವ ಪದ. "ಬಾಗ್ಲಾಗೆ ನಿಂತವ್ನೆ ಬಿಳಿ ರುಮಾಲ ತಮ್ಮಯ್ಯ" ಎಂದು ಅದರ ಮೊದಲು. ದಾರಿಯುದ್ದಕ್ಕೂ ಅದನ್ನೇ ಗೊಣಗಿಕೊಂಡು ಬಂದಿದ್ದೆ. ಬಾಯಿ ತೆರೆದರೆ ಅದು ಇರಲಿಲ್ಲ. ಚಡ್ಡಿಯ ದಾರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಬಂದದ್ದನ್ನು ಹಾಡಿದೆ:

ಅಡವೀಲಿ ಆಡೋಳ ಹಿಡಿತಂದು ಒಪ್ಪಿಸಿವಿ
ಕಲ್ಲೀನ ಮನೆಗೆ ಸೊಸೆ ಮಾಡಿ — ಬೀಗಾರೆ
ಕಣ್ಣಾಗೆ ನೀರು ತರಿಸ್ಬ್ಯಾಡಿ

ಅದು ಹೆಣ್ಣು ಒಪ್ಪಿಸುವ ಪದ! ಮಗಳನ್ನು ಕರೆಯಲು ಬಂದವಳು, ತಕ್ಕೊಳ್ಳಿ, ಇವಳು ಇನ್ನು ನಿಮ್ಮವಳು ಎಂದು ಹಾಡಿ ನಿಂತಿದ್ದೆ. "ಥೂ, ಮುಳುಗಿಸ್ಬುಡ್ತಲ್ಲ ಮುಂಡೇದು" ಎಂದಳು ಹೊಂಬಾಳಮ್ಮ, ಮೆಲ್ಲಗೆ, ಆದರೆ ಸಾಕಷ್ಟು ಜೋರಾಗಿ. ನಾನು ಕಣ್ಣು ಬಿಡಲೇ ಇಲ್ಲ. ಇಡೀ ಊರಿನ ಒಟ್ಲು ನನ್ನ ರೆಪ್ಪೆಯ ಹಿಂದೆ ಹಳದಿಯಾಗಿ ಒಣಗುವುದು ಕಾಣುತ್ತಿತ್ತು.

ಆಗ ಕಟ್ಟೆಯ ಗೇಟಿನ ಕಡೆಯಿಂದ ಒಂದು ಗಂಡು ದನಿ ಎದ್ದಿತು:

ಒಪ್ಪಿಸಿದ ಹೆಣ್ಣನ್ನ ಒಪ್ಪಾಗಿ ಇಟ್ಟೇವು
ಗೌರಿಯ ಹಬ್ಬ ಬರುವಾಗ — ಬೀಗಾರೆ
ಕೊನೆಯೂರ ತನಕ ಕಳಿಸೇವು

ಕಣ್ಣು ಬಿಟ್ಟೆ. ಗೇಟು ತಿರುಗಿಸುವ ನಂಜಪ್ಪ ಎಂಬಾತ ಕೈಗೆ ಹತ್ತಿದ ಕಪ್ಪು ಗ್ರೀಸನ್ನು ಚಿಂದಿಯಲ್ಲಿ ಒರೆಸಿಕೊಳ್ಳುತ್ತ ಬರುತ್ತಿದ್ದ. ಕಟ್ಟೆ ಕಟ್ಟುವಾಗ ಮೀಸೆ ಮೂಡದ ವಯಸ್ಸಿನಲ್ಲಿ ಆಫೀಸಿನ ಕೂಲಿಗೆ ಸೇರಿದವನು. ಆ ಮದುವೆಯಲ್ಲಿ ಗಂಡಿನ ಕಡೆ ನಿಂತು ಹಾಡಿದವರಲ್ಲಿ ಒಬ್ಬ. ಈಗ ತಲೆಯೆಲ್ಲ ಬೆಳ್ಳಗಾಗಿತ್ತು. ನಮ್ಮ ಸೊಲ್ಲು ಕಿವಿಗೆ ಬಿದ್ದರೆ ಉತ್ತರ ಕೊಡದೆ ಇರುವುದು ಅವನಿಂದ ಆಗಲಿಲ್ಲ, ಅಷ್ಟೆ.

ಅಜ್ಜಿ ಬಿಡುವವಳೇ? "ಕೇಳುದ್ರಾ ಸ್ವಾಮಿ? ನಾವ್ ಹೇಳ್ಲಿಲ್ಲ. ನಿಮ್ ಕಡೆಯೋನೇ ಹೇಳ್ದ."

"ಏನಂದ್ಯೋ ನಂಜಪ್ಪ?" ಎಂದರು ಇಂಜಿನಿಯರು.

ನಂಜಪ್ಪ ತಲೆ ಕೆರೆದುಕೊಂಡ. "ಕಟ್ಟೆ ತುಂಬ್ದಾಗ ಕೊಟ್ ಮಾತು ಸಾರ್. ಗೌರಿಹಬ್ಬಕ್ಕೆ ಕೊನೇ ಊರ್ ಗಂಟ ನೀರ್ ಬುಡ್ತೀವಿ ಅಂತ. ಪದದಲ್ಲಿ ಹೇಳಿದ್ವಿ."

"ಪದದಾಗ?"

"ಹೂಂ ಸಾರ್. ನಾನೂ ಇದ್ದೆ."

ಅಜ್ಜಿ ಮೊರವನ್ನು ಅವರ ಮುಂದಿಟ್ಟಳು. "ಮಗಳ್ನ ಕೊಟ್ಟಿದೀವಿ, ವಾಪಸ್ ಕೇಳ್ತಿಲ್ಲ. ಹಬ್ಬಕ್ಕೆ ಕರೀತಿದೀವಿ. ನೀವ್ ನಾಲೇಗೆ ಕಳ್ಸಿದೀರಿ, ನಿಜ. ಆದ್ರೆ ಅರ್ಧ ದಾರೀಲಿ ಅವಳ್ನ ಅಡ್ಡಗಟ್ಟವ್ರೆ. ಬಂದು ನೋಡಿ."

ಇಂಜಿನಿಯರು ಮೊರದಲ್ಲಿದ್ದ ಹಸಿರು ಬಳೆಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀ ಏನಪಾ, ತಮ್ಮನೇನು?" ಎಂದರು.

"ಹೂಂ" ಎಂದೆ. ದನಿ ಕೀರಲಾಗಿ ಬಂದು ಗುಟ್ಟು ರಟ್ಟಾಯಿತು. ಅವರು ನಗು ತಡೆದುಕೊಂಡದ್ದು ನನಗೆ ಇನ್ನೂ ನೆನಪಿದೆ.

"ನಮ್ಮ ಕಡೆ ಪಂಚಮಿ ಹಬ್ಬಕ್ಕ ಕರಿಯಾಕ ಬರ್ತಾರ್ರಿ, ಅಜ್ಜಿ. ಕರಿಯಾಕ ಬಂದವನ್ನ ಬರಿಗೈಲೆ ಕಳಸಂಗಿಲ್ಲ" ಎಂದು ಬಾಗಿ ಎರಡು ಎಲೆ, ಒಂದು ಅಡಿಕೆ ತೆಗೆದುಕೊಂಡರು. ಎಲಡಿಕೆ ಮುಟ್ಟಿದರೆ ಮಾತು ಒಪ್ಪಿದ ಹಾಗೆ. ಹೆಂಗಸರೆಲ್ಲ ಒಟ್ಟಿಗೆ ಸೋಬಾನೆ ಎತ್ತಿದರು. ನಾನು ಮಾತ್ರ ಹಾಡಲಿಲ್ಲ. ಬಾಯಿ ತುಂಬ ತಂಬಿಟ್ಟಿತ್ತು.

ಮೂರನೆಯ ದಿನ ಇಂಜಿನಿಯರು ನಂಜಪ್ಪನನ್ನೂ ನಾಲ್ಕು ಕೂಲಿಯವರನ್ನೂ ಕರೆದುಕೊಂಡು ಅರ್ಧ ದಾರಿಯ ಆ ಊರಿಗೆ ಬಂದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ, "ನಿಮ್ಮ ನಾಟಿ ಮುಗದೈತಿ, ಇನ್ನು ಅವರ ಸರದಿ" ಎಂದು ನಿಂತು ಕಲ್ಲು, ಚೀಲ ಎಲ್ಲ ಎತ್ತಿಸಿದರಂತೆ. ಅಂತೆ ಯಾಕೆ, ನಾನೂ ಅಲ್ಲೇ ಇದ್ದೆ. ಅಕ್ಕನನ್ನು ಕರೆತರಲು ತಮ್ಮ ಖುದ್ದಾಗಿ ಹೋಗಬೇಕೆಂದು ಅಜ್ಜಿ ಮತ್ತೆ ನನಗೆ ಚಡ್ಡಿ, ರುಮಾಲು ತೊಡಿಸಿ ಕಳಿಸಿದ್ದಳು.

ಒಣ ನಾಲೆಯಲ್ಲಿ ನೀರು ಓಡಿ ಬರುವುದಿಲ್ಲ. ಒಂದೊಂದು ಬಿರುಕನ್ನೂ ತುಂಬಿಸಿ, ಒಂದೊಂದು ಗುಂಡಿಯಲ್ಲೂ ನಿಂತು, ಮಕ್ಕಳು ನಡೆಯುವ ಹಾಗೆ ಬರುತ್ತದೆ. ಮೊದಲು ಕಂದು ನೊರೆ, ಅದರ ಮೇಲೆ ಒಣಗಿದ ಹೊಂಗೆ ಎಲೆ, ಕಡ್ಡಿ, ಗಾಬರಿಬಿದ್ದ ಏಡಿ. ಬಿಸಿಲಿಗೆ ಕಾದ ಕೆಸರು ನೀರು ಕುಡಿಯುವಾಗ ಏಳುವ ಆ ವಾಸನೆ! ನಾನು ನಾಲೆಯೊಳಗೇ ನೀರಿನ ಮುಂದೆ ನಡೆದೆ. ಹತ್ತು ಹೆಜ್ಜೆಗೊಮ್ಮೆ ತಿರುಗಿ, ಬರುತ್ತಿದ್ದಾಳೋ ಇಲ್ಲವೋ ಎಂದು ನೋಡುತ್ತಿದ್ದೆ. ನಡುವೆ ಎಲ್ಲಾದರೂ ಇಂಗಿಹೋದರೆ ಎಂಬ ಚಿಂತೆ. ಒಂದು ಕಡೆ ಹೆಚ್ಚು ಹೊತ್ತು ನಿಂತುಬಿಟ್ಟಳು. ನಾನು ಅಳುವುದೊಂದು ಬಾಕಿ. ಆಮೇಲೆ ತಣ್ಣಗೆ ನನ್ನ ಹಿಮ್ಮಡಿ ಮುಟ್ಟಿದಳು.

ಕೊನೆಯ ತೂಬಿನ ಹತ್ತಿರ ಊರಿಗೆ ಊರೇ ನಿಂತಿತ್ತು. ಅಜ್ಜಿ ನೀರಿಗೆ ಅರಿಸಿನ, ಕುಂಕುಮ, ಬಳೆ ಬಿಟ್ಟು, "ಬಾ ನನ್ ಮಗಳೇ, ಸೊರಗೋಗಿದೀಯಾ" ಎಂದು ಎರಡೂ ಕೈಯಿಂದ ದೃಷ್ಟಿ ತೆಗೆದು ಬೆರಳು ಲಟಲಟ ಮುರಿದಳು. ಆಮೇಲೆ ನನ್ನದನ್ನೂ ತೆಗೆದಳು. ಹಬ್ಬದ ದಿನ ಊರಿನಲ್ಲಿ ಯಾರೂ ಒಬ್ಬಟ್ಟು ತಟ್ಟಲಿಲ್ಲ. ಎಲ್ಲರೂ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುತ್ತಿದ್ದರು. ಒಬ್ಬಟ್ಟು ಮೂರು ದಿನ ತಡವಾಗಿ ಬಂತು, ಆದರೆ ಬಂತು.

ತಪ್ಪು ಪದ ಹಾಡಿದ್ದಕ್ಕೆ ಅಜ್ಜಿ ನನ್ನನ್ನು ಬೈಯಲಿಲ್ಲ. ಬದಲಿಗೆ, "ನಾನೇ ಅಂಗ್ ಹೇಳ್ಕೊಟ್ಟಿದ್ದೆ ಕಣ್ರಮ್ಮಿ, ಅವ್ರ ಬಾಯಿಂದ ಮಾತ್ ಈಚೀಗ್ ಬರ್ಲಿ ಅಂತ" ಎಂದು ಊರೆಲ್ಲ ಹೇಳಿಕೊಂಡು ಬಂದಳು. ಹೊಂಬಾಳಮ್ಮ ಮೊದಲ ದಿನ ನಂಬಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಅವಳೂ ಅದನ್ನೇ ಹೇಳತೊಡಗಿದಳು. ಈಗ ನನಗೇ ಅನುಮಾನ, ಹೇಳಿಕೊಟ್ಟಿದ್ದಳೋ ಏನೋ. ಒಂಬತ್ತು ತೆಂಗಿನಕಾಯಿಯ ಹರಕೆಯನ್ನು ಕಂತಿನಲ್ಲಿ ತೀರಿಸಿದೆ. ಕೊನೆಯದನ್ನು ಒಡೆಯುವಾಗ ಕಾಲೇಜಿನಲ್ಲಿದ್ದೆ.

ಅಜ್ಜಿಯೂ ಇಲ್ಲ, ನಂಜಪ್ಪನೂ ಇಲ್ಲ. ನಾಲೆಗೆ ಸಿಮೆಂಟು ಬಂದಿದೆ. ನೀರು ಬಿಡುವ ಸುದ್ದಿ ಮೊಬೈಲಿಗೆ ಬರುತ್ತದೆ. ಈಚೆಗೆ ನಮ್ಮ ಕಡೆಯ ಕೆರೆಗಳಿಗೆಲ್ಲ ದೂರದಿಂದ ಪೈಪಿನಲ್ಲಿ ನೀರು ತುಂಬಿಸುತ್ತಾರೆ. ನಾನು ಹುಡುಗಿಯಾಗಿದ್ದಾಗ ಕನಸಿನಲ್ಲೂ ಕಾಣದಷ್ಟು ನೀರು. ನೋಡಿ ಹೊಟ್ಟೆ ತಣ್ಣಗಾಗುತ್ತದೆ. ಆದರೆ ಆ ಪೈಪಿನ ಮೇಲೆ ಯಾರೂ ಪದ ಕಟ್ಟಲಿಲ್ಲ. ನಾನೇ ಒಮ್ಮೆ ಕೂತೆ. ಎರಡು ಸಾಲು ಬರೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಐದು ಹೆಬ್ಬೆರಳು ಬಂದವು, ಅದರಲ್ಲಿ ಒಂದು ಶಿವಲಿಂಗನದು. ಮೂರನೆಯ ಸಾಲು ಬರಲಿಲ್ಲ. ಆ ಕೆಲಸದಲ್ಲಿ ನಾನು ಮಣ್ಣು ಹೊತ್ತಿರಲಿಲ್ಲವಲ್ಲ.

ಕಳೆದ ಗೌರಿಹಬ್ಬಕ್ಕೆ ಊರಿಗೆ ಹೋದವಳು ಸಂಜೆ ಒಬ್ಬಳೇ ನಾಲೆಯ ಏರಿಯ ಮೇಲೆ ನಡೆದೆ. ನೀರು ತುಂಬಿ ಹರಿಯುತ್ತಿತ್ತು. ಯಾರೂ ಇಲ್ಲವೆಂದು ನೋಡಿಕೊಂಡು, ಅಂದು ನಾನು ಮರೆತಿದ್ದ ಕರೆಯುವ ಪದವನ್ನು ಎತ್ತಿಕೊಂಡೆ:

ಬಾಗ್ಲಾಗೆ ನಿಂತವ್ನೆ ಬಿಳಿ ರುಮಾಲ ತಮ್ಮಯ್ಯ
ಹಬ್ಬಕ್ಕೆ ಅಕ್ಕಾನ ಕಳಿಸೀರಿ — ಬಾವಯ್ಯ

ಹಿಂದಿನಿಂದ ಸ್ಕೂಟರಿನ ಸದ್ದು. ನಮ್ಮೂರಿನದೇ ಹುಡುಗಿ, ಹಾಲಿನ ಕ್ಯಾನು ಇಟ್ಟುಕೊಂಡು ಡೇರಿಗೆ ಹೊರಟವಳು. ವೇಗ ತಗ್ಗಿಸಿ, "ಏನಾಂಟಿ, ಒಬ್ರೇ ಮಾತಾಡ್ತಿದೀರಾ? ಫೋನಾ?" ಎಂದಳು.

"ಹೂಂ ಕಣಮ್ಮ, ಫೋನು" ಎಂದೆ.

ಅವಳು ಹೋದಳು. ಮೂರನೆಯ ಸಾಲು ಗಂಟಲಲ್ಲೇ ಉಳಿಯಿತು. ಗುಂಡಿಯಿಲ್ಲದ ಚಡ್ಡಿ ಹಿಡಿದುಕೊಂಡು ಸರ್ಕಾರದ ಬಾಗಿಲಲ್ಲಿ ನಿಂತು, ತಪ್ಪಾಗಿಯಾದರೂ ಬಾಯಿಬಿಟ್ಟು ಹಾಡಿದವಳು, ಐವತ್ತು ದಾಟಿದ ಮೇಲೆ ಒಂದು ಹಾಲಿನ ಸ್ಕೂಟರಿಗೆ ನಾಚಿ ಸುಳ್ಳು ಹೇಳಿದೆ. ಏನು ಕಳೆದುಹೋಯಿತು ಎಂದು ಯಾರಾದರೂ ಕೇಳಿದರೆ ಇಷ್ಟನ್ನು ಹೇಳುತ್ತೇನೆ. ಅದು ಫೋನಾಗಿರಲಿಲ್ಲ, ಮಗಳೇ. ನಮ್ಮಕ್ಕನನ್ನು ಮಾತಾಡಿಸುತ್ತಿದ್ದೆ.